ಹೊಲಿಗೆಯಿಲ್ಲದ ಅಂಗಿ

ಆಪರೇಷನ್ ಆಗಿ ಆರು ವಾರ ಕಳೆಯುವಷ್ಟರಲ್ಲಿ ಮನೆಯಲ್ಲಿದ್ದ ಅಂಗಿಗಳೆಲ್ಲ ಒಂದೊಂದಾಗಿ ಸೋತಿದ್ದವು. ತಾಯಿಯ ಬಲಗಡೆಯ ಎದೆಯನ್ನು ತೆಗೆದಿದ್ದರು. ಗಾಯದ ಗೆರೆ ಎದೆಯ ನಡುವಿನಿಂದ ಹೊರಟು ಕಂಕುಳಿನೊಳಗೆ ಹೋಗಿ ಮುಗಿಯುತ್ತಿತ್ತು. ಯಾವ ಅಂಗಿ ತೊಟ್ಟರೂ ತೋಳು ಕೂಡುವ ಹೊಲಿಗೆ ಹುಡುಕಿಕೊಂಡು ಬಂದಂತೆ ಅಲ್ಲಿಗೇ ಬಂದು ಕೂರುತ್ತಿತ್ತು. ಅಂಗಿಯನ್ನು ಒಳಗು ಹೊರಗು ಮಾಡಿ ತೊಟ್ಟಳು. ಗಂಡನ ಬನಿಯನ್ ತೊಟ್ಟಳು, ಅದಕ್ಕೂ ಕಂಕುಳಲ್ಲಿ ಹೊಲಿಗೆ. ಕೊನೆಗೆ ಗಂಡನ ಹಳೆಯ ಶರ್ಟೊಂದರ ತೋಳುಗಳನ್ನು ಕತ್ತರಿಸಿ, ಆ ಎರಡು ದೊಡ್ಡ ತೂತುಗಳ ಅಂಗಿಯಲ್ಲೇ ದಿನ ಕಳೆಯತೊಡಗಿದಳು. ಅದರ ಅಂಚಿನ ಎಳೆಗಳು ಬಿಚ್ಚಿಕೊಂಡು ಅವೂ ಚುಚ್ಚುತ್ತಿದ್ದವು.

ಇಪ್ಪತ್ತೆರಡು ವರ್ಷ ಲಾಂಡ್ರಿಯಲ್ಲಿ ಇಸ್ತ್ರಿ ಮಾಡಿದ ಹೆಂಗಸು ಅವಳು. ಹೋಟೆಲಿನ ಹಾಸಿಗೆ ಬಟ್ಟೆ, ಮಾಣಿಗಳ ಕೋಟು, ಊರವರ ಶರ್ಟು ಎಲ್ಲ ಅವಳ ಕೈ ಕೆಳಗೆ ಹೋಗಿದ್ದವು. "ಇಸ್ತ್ರಿ ಪೆಟ್ಟಿಗೆಗೆ ಅಡ್ಡ ಬರೋದೇ ಹೊಲಿಗೆ. ಈಗ ನನಗೇ ಅಡ್ಡ ಬಂತು," ಎಂದಳು ಒಂದು ದಿನ. ನಗಲಿ ಎಂದೇ ಹೇಳಿದ್ದು. ಯಾರೂ ನಗಲಿಲ್ಲ.

ಮಗಳು ಬೀದಿ ತುದಿಯ ದರ್ಜಿಯನ್ನು ಕೇಳಿಬಂದಳು. ಅವನು ಯಂತ್ರದಿಂದ ತಲೆ ಎತ್ತಲೂ ಇಲ್ಲ.

"ಹೊಲಿಗೆ ಇಲ್ಲದ ಅಂಗಿ ಹೊಲ್ಕೊಡು ಅಂತೀಯಲ್ಲಮ್ಮ, ಒದ್ದೆ ಆಗದ ಹಾಗೆ ಸ್ನಾನ ಮಾಡಿಸು ಅಂದ ಹಾಗಾಯ್ತು. ನಾನು ದರ್ಜಿ, ಮಂತ್ರವಾದಿ ಅಲ್ಲ."

ಮಗಳಿಗೆ ಇಪ್ಪತ್ತಮೂರು ವರ್ಷ. ಚಿಕ್ಕಂದಿನಲ್ಲಿ ಒಂದು ಕಡೆ ಕೂತವಳಲ್ಲವೆಂದು ಅಜ್ಜಿ ಇಟ್ಟ 'ಮಿಡತೆ' ಎಂಬ ಹೆಸರು ಇನ್ನೂ ಉಳಿದಿತ್ತು. ಔಷಧಿ ಅಂಗಡಿಯಲ್ಲಿ ಅವಳ ಕೆಲಸ. ಅಲ್ಲೂ ಹಾಗೆಯೇ, ಏಣಿ ಹತ್ತಿ ಇಳಿದು ಇಡೀ ದಿನ ಕಾಲ ಮೇಲೆ. ತಾಯಿಗೆ ಇನ್ನು ಐದು ವಾರ, ವಾರಕ್ಕೆ ಐದು ದಿನ, ಆಸ್ಪತ್ರೆಯಲ್ಲಿ ಕರೆಂಟು, ಅಂದರೆ ರೇಡಿಯೇಷನ್, ಕೊಡಿಸಬೇಕು ಎಂದಾಗ ಅಂಗಡಿಯವನು ಎರಡು ವಾರ ರಜೆ ಕೊಟ್ಟಿದ್ದ. ಉಳಿದ ಮೂರು ವಾರದ ಮಾತನ್ನು ಅವಳೂ ಎತ್ತಲಿಲ್ಲ, ಅವನೂ ಎತ್ತಲಿಲ್ಲ.

"ನಾನೊಬ್ಬಳೇ ಬಸ್ಸಲ್ಲಿ ಹೋಗ್ಬರ್ತೀನಿ. ನೀನು ಕೆಲಸಕ್ಕೆ ಹೋಗು," ಎಂದಳು ತಾಯಿ ಮೊದಲ ದಿನವೇ.

"ಬಸ್ಸಲ್ಲಿ ಯಾರಾದ್ರೂ ಮೊಣಕೈ ತಾಗಿಸಿದ್ರೆ?"

"ತಾಗಿಸಿದ್ರೆ ನೋಯುತ್ತೆ. ಅಷ್ಟೇ ತಾನೆ?"

"ಅಪ್ಪ, ನೀನಾದ್ರೂ ಹೇಳು."

ತಂದೆ ಬಸ್ ಡಿಪೋದಲ್ಲಿ ಟೈರು ಬದಲಿಸುವವನು. ಬೆಳಗಿನ ಪಾಳಿ ಬಿಟ್ಟರೆ ಬೇರೆ ಪಾಳಿ ಸಿಗುತ್ತಿರಲಿಲ್ಲ. ಅವನು ಚಹದ ಲೋಟದೊಳಗೆ ನೋಡುತ್ತ, "ಜೊತೆಗೆ ಯಾರಾದ್ರೂ ಇದ್ರೆ ಒಳ್ಳೇದು," ಎಂದಷ್ಟೇ ಹೇಳಿ ಎದ್ದು ಹೋದ. ಅವನು ಆಸ್ಪತ್ರೆಯ ಬಾಗಿಲವರೆಗೆ ಬರುತ್ತಿದ್ದನೇ ಹೊರತು ಒಳಗೆ ಬರುತ್ತಿರಲಿಲ್ಲ. ಮನೆಯಲ್ಲಿ ಗಾಯಕ್ಕೆ ಔಷಧಿ ಹಚ್ಚುವಾಗ ಅಂಗಳದಲ್ಲಿ ಏನಾದರೂ ಕೆಲಸ ಹುಡುಕಿಕೊಳ್ಳುತ್ತಿದ್ದ.

ಮನೆಯ ದೊಡ್ಡ ಕಷ್ಟ ಊಟದ್ದಾಗಿತ್ತು. ತಾಯಿಗೆ ಬಲಗೈ ಭುಜದ ಮಟ್ಟಕ್ಕಿಂತ ಮೇಲೆ ಏಳುತ್ತಿರಲಿಲ್ಲ. ಆಸ್ಪತ್ರೆಯಿಂದ ಬಂದ ಮಗಳಿಗೆ ಬಟ್ಟೆ ಒಗೆಯುವುದು, ನೀರು ತುಂಬುವುದು, ನೆಲ ಒರೆಸುವುದು. ಹೀಗಾಗಿ ಒಲೆ ತಂದೆಯ ಪಾಲಿಗೆ ಬಂತು. ಅವನು ಉಗುರು ಸಂದಿಯ ಕರಿ ಹೋಗದ ಕೈಯಲ್ಲೇ ಅನ್ನ ಮಾಡುತ್ತಿದ್ದ, ಬೇಳೆ ಬೇಯಿಸುತ್ತಿದ್ದ, ಮೊಟ್ಟೆ ಹುರಿಯುತ್ತಿದ್ದ.

ಎಪ್ಪತ್ತಾರರ ಅಜ್ಜಿ, ಅವನ ತಾಯಿ, ಮೊಟ್ಟೆಯ ತುಂಡನ್ನು ಬೆರಳಲ್ಲಿ ಎಳೆದು ಬಿಟ್ಟು ನೋಡಿದಳು.

"ಡಿಪೋಗೆ ತಗೊಂಡು ಹೋಗು ಇದನ್ನ. ಪಂಕ್ಚರ್ ಹಾಕೋಕೆ ಬರುತ್ತೆ."

"ಹಾಗಾದ್ರೆ ನೀನೇ ಮಾಡಮ್ಮ."

"ನಾನಾ? ಇವಳು ಸೊಸೆ ಆಗಿ ಬಂದ ದಿನವೇ ಸೌಟು ಕೊಟ್ಟು ಕೈ ತೊಳ್ಕೊಂಡೆ. ಕೊಟ್ಟಿದ್ದನ್ನ ವಾಪಸ್ ಇಸ್ಕೊಂಡ್ರೆ ಜನ ಏನಂತಾರೆ?"

"ಜನ ನಮ್ಮನೇಲಿ ಊಟಕ್ಕೆ ಬರಲ್ಲಮ್ಮ."

"ಬಂದಿದ್ರೆ ಇವತ್ತು ಓಡಿ ಹೋಗಿರೋರು."

ತಾಯಿ ತಟ್ಟೆಯ ಮುಂದೆ ಕೂತು ಎಡಗೈಯಲ್ಲಿ ಚಮಚ ಹಿಡಿದು ಮೆಲ್ಲಗೆ ತಿನ್ನುತ್ತಿದ್ದಳು. "ಚೆನ್ನಾಗೇ ಇದೆಯಲ್ಲ ಅತ್ತೆ," ಎಂದಳು. ಅವಳ ಮುಖದಲ್ಲಿ ರುಚಿ ತಿಳಿದ ಗುರುತೇ ಇರಲಿಲ್ಲ.

ಕರೆಂಟು ಕೊಡುವ ಕೋಣೆಯ ಹೊರಗೆ ಕಬ್ಬಿಣದ ಕುರ್ಚಿಗಳ ಆರು ಸಾಲು. ಒಳಗಿನ ಕೆಲಸ ಹತ್ತು ನಿಮಿಷದ್ದು, ಹೊರಗಿನ ಕಾಯುವಿಕೆ ಎರಡು ಗಂಟೆಯದು. ತಾಯಿ ಕಣ್ಣು ಮುಚ್ಚಿ ಗೋಡೆಗೆ ತಲೆ ಕೊಟ್ಟು ಕೂರುತ್ತಿದ್ದಳು. ಮಿಡತೆಗೆ ಕೂರುವುದೇ ಶಿಕ್ಷೆ. ಮೂರನೆಯ ದಿನ ಪಕ್ಕದ ಕುರ್ಚಿಯಲ್ಲಿ ದಪ್ಪ ಕನ್ನಡಕದ ಹೆಂಗಸೊಬ್ಬಳು ಕೊಕ್ಕೆಯ ಕಡ್ಡಿಯಿಂದ ಟೊಪ್ಪಿಗೆ ಹೆಣೆಯುತ್ತಿದ್ದಳು. ಅವಳ ಗಂಡನಿಗೆ ಗಂಟಲಿನ ಕಾಯಿಲೆ. ಅವನು ಮಾತಾಡಲಾಗದೆ ಕೈಸನ್ನೆ ಮಾಡುತ್ತಿದ್ದ. ಆಕೆ ಅವನ ಪಾಲಿನ ಮಾತನ್ನೂ ತಾನೇ ಆಡುತ್ತಿದ್ದಳು.

ಮಿಡತೆ ಸುಮಾರು ಹೊತ್ತು ಆ ಕೈಗಳನ್ನೇ ನೋಡಿದಳು. ಟೊಪ್ಪಿಗೆ ಸುತ್ತುತ್ತ ಸುತ್ತುತ್ತ ಬೆಳೆಯುತ್ತಿತ್ತು. ಎಲ್ಲೂ ಜೋಡಣೆಯಿರಲಿಲ್ಲ.

"ಇದಕ್ಕೆ ಹೊಲಿಗೆ ಹಾಕಲ್ವಾ?"

"ಕ್ರೋಶಾಗೆ ಎಲ್ಲಿಯ ಹೊಲಿಗೆ? ಒಂದೇ ದಾರ, ಒಂದೇ ಕಡ್ಡಿ."

"ಹೀಗೇ ಅಂಗಿ ಮಾಡೋಕಾಗುತ್ತಾ?"

"ಯಾಕಾಗಲ್ಲ? ಕೊರಳಿಂದ ಶುರು ಮಾಡಿ ಸುತ್ತುತ್ತಾ ಇಳಿಯೋದು. ತೋಳಿನ ಜಾಗ ಬಂದಾಗ ಅದನ್ನ ಬಿಟ್ಟು ಮುಂದಕ್ಕೆ ಹೋಗೋದು. ಯಾರಿಗೆ?"

ಮಿಡತೆ ಕಣ್ಣಲ್ಲೇ ತಾಯಿಯನ್ನು ತೋರಿಸಿದಳು. ಕನ್ನಡಕದಮ್ಮ ತೋಳು ಕತ್ತರಿಸಿದ ಶರ್ಟನ್ನು ನೋಡಿದಳು, ಮತ್ತೆ ಏನನ್ನೂ ಕೇಳಲಿಲ್ಲ. ಚೀಲದಿಂದ ಇನ್ನೊಂದು ಕಡ್ಡಿ ಮತ್ತು ಕೆಂಪು ಉಲ್ಲನ್ನಿನ ಒಂದು ಉಂಡೆ ತೆಗೆದು ಕೊಟ್ಟಳು.

ಮೊದಲು ಸರಪಳಿ ಕಲಿಸಿದಳು. ಕುಣಿಕೆಯೊಳಗಿಂದ ಕುಣಿಕೆ ಎಳೆಯುವುದು. ಮಿಡತೆಯ ಸರಪಳಿ ಒಂದು ಕಡೆ ಸಡಿಲ, ಒಂದು ಕಡೆ ಬಿಗಿ, ಹಾವು ಇಲಿ ನುಂಗಿದ ಹಾಗೆ. ಆಮೇಲೆ ಕಂಬ. ಕಡ್ಡಿಗೆ ದಾರ ಸುತ್ತಿ, ತೂತಿಗೆ ಚುಚ್ಚಿ, ಎಳೆದು, ಎರಡೆರಡಾಗಿ ಬಿಡಿಸಿದರೆ ಒಂದು ಪುಟ್ಟ ಕಂಬ ಎದ್ದು ನಿಲ್ಲುತ್ತದೆ. ಸರಪಳಿಯನ್ನು ಉಂಗುರ ಮಾಡಿ, ಅದರ ಮೇಲೆ ಕಂಬಗಳ ಸುತ್ತು. ಪ್ರತಿ ಸುತ್ತಿಗೆ ಎದೆ, ಬೆನ್ನು, ತೋಳುಗಳು ಕೂಡುವ ನಾಲ್ಕು ಮೂಲೆಗಳಲ್ಲಿ ಮಾತ್ರ ಕಂಬ ಹೆಚ್ಚಿಸಬೇಕು. ಮಿಡತೆ ಧಾರಾಳವಾಗಿ ಎಲ್ಲ ಕಡೆ ಹೆಚ್ಚಿಸಿದಳು. ಎರಡು ದಿನದ ಮೇಲೆ ನೋಡಿದರೆ ಅಂಚೆಲ್ಲ ನೆರಿಗೆ ನೆರಿಗೆ.

"ಇದು ಅಂಗಿ ಅಲ್ಲ ಕಣಮ್ಮ, ಎಲೆಕೋಸು," ಎಂದಳು ಕನ್ನಡಕದಮ್ಮ. "ಬಿಚ್ಚು."

"ಎಲ್ಲಾನಾ?"

"ತಪ್ಪು ಆದಲ್ಲಿವರೆಗೆ. ಮೊದಲನೇ ಸುತ್ತಲ್ಲೇ ಆಗಿದ್ರೆ ಎಲ್ಲಾನೂ. ಮತ್ತೆ ಈ ಸಲ ಪಟ್ಟೆ ಹಾಕು, ಎರಡು ಸುತ್ತಿಗೊಂದು ಬಣ್ಣ. ಕಲಿಯೋರಿಗೆ ಪಟ್ಟೆ ಒಳ್ಳೇದು, ಎಷ್ಟು ಸುತ್ತು ಆಯ್ತು ಅಂತ ಎಣಿಸ್ತಾ ಕೂರಬೇಕಾಗಿಲ್ಲ."

ಹಾಗೆ ಕೆಂಪು, ಹಸಿರು, ಕೇಸರಿ ಪಟ್ಟೆಗಳು ಬಂದವು. ಎಲ್ಲ ಆಕೆಯ ಚೀಲದಲ್ಲಿ ಉಳಿದ ಉಲ್ಲನ್ನೇ.

ಮನೆಯಲ್ಲಿ ಮಿಡತೆ ಕೊರಳಿನ ಅಳತೆ ಸರಿಯಿದೆಯೇ ಎಂದು ಅಜ್ಜಿಯ ತಲೆಗೆ ತೊಡಿಸಿ ನೋಡಿದಳು. ಅದು ಕಿವಿಯ ಹತ್ತಿರ ಸಿಕ್ಕಿಕೊಂಡಿತು. ಮೇಲಕ್ಕೂ ಬರಲಿಲ್ಲ, ಕೆಳಕ್ಕೂ ಇಳಿಯಲಿಲ್ಲ.

"ಉಸಿರು ಕಟ್ತಾ ಇದೆ! ಈ ಮನೇಲಿ ಕಾಯಿಲೆ ಇರೋದು ಒಬ್ಬಳಿಗೆ, ಸಾಯ್ಸೋದು ಇನ್ನೊಬ್ಬಳನ್ನಾ?"

"ಅಲ್ಲಾಡಬೇಡ ಅಜ್ಜಿ, ದಾರ ಕಿತ್ತು ಹೋಗುತ್ತೆ."

"ದಾರದ ಚಿಂತೆ ನೋಡು ಇವಳಿಗೆ!"

ತಂದೆ ಬಂದು ತಾಳ್ಮೆಯಿಂದ, ಚಕ್ರದಿಂದ ಟೈರು ಬಿಡಿಸುವಂತೆ, ಒಂದೊಂದು ಕಡೆಯಿಂದ ಸ್ವಲ್ಪ ಸ್ವಲ್ಪವೇ ಎಳೆದು ಬಿಡಿಸಿದ. ಆ ದಿನ ತಾಯಿಯೂ ಸ್ವಲ್ಪ ನಕ್ಕಳು. ನಕ್ಕಾಗ ಗಾಯ ಎಳೆದು ಎದೆಯ ಮೇಲೆ ಕೈ ಇಟ್ಟುಕೊಂಡಳು. ಆಮೇಲೆ ಮಗಳ ಕಡೆ ತಿರುಗಿ, "ಸೋಮವಾರ ನಿನ್ನ ರಜೆ ಮುಗಿಯುತ್ತಲ್ವಾ?" ಎಂದಳು.

"ಮಾತಾಡ್ತೀನಿ ಬಿಡು."

"ಯಾವಾಗ ಮಾತಾಡ್ತೀಯ? ನಾಲ್ಕು ವರ್ಷದ ಕೆಲಸ ಅದು. ಕಡ್ಡಿ ಹಿಡ್ಕೊಂಡು ಕೂತ್ರೆ ಕಾಯ್ತಾರಾ?"

"ಅಮ್ಮ, ಮಾತಾಡ್ತೀನಿ ಅಂದ್ನಲ್ಲ."

ಎರಡನೆಯ ವಾರದ ಶುಕ್ರವಾರ ಕನ್ನಡಕದಮ್ಮನ ಗಂಡನ ಕರೆಂಟು ಪೂರ್ತಿ ಮುಗಿಯಿತು. ಅವತ್ತು ಆಕೆ ತೋಳು ಬೇರ್ಪಡಿಸುವುದನ್ನು ಕಲಿಸಿದಳು. ಎರಡು ಮೂಲೆಗಳ ನಡುವಿನ ಕಂಬಗಳನ್ನು ತೋಳಿಗೆಂದು ಬಿಟ್ಟು, ಕಂಕುಳ ಕೆಳಗೆ ಸರಪಳಿಯ ಸೇತುವೆ ಹಾಕಿ, ಆಚೆ ಕಡೆಗೆ ದಾಟಬೇಕು.

"ಇದೊಂದು ಗೊತ್ತಾದ್ರೆ ಮುಂದಕ್ಕೆ ನಿನಗೆ ಯಾರೂ ಬೇಡ. ಕಡ್ಡಿ ಇಟ್ಕೋ."

"ನಿಮಗೆ?"

"ಮನೇಲಿದೆ ಇನ್ನೊಂದು." ಗಂಡನ ಕುತ್ತಿಗೆಗೆ ಮಫ್ಲರ್ ಸುತ್ತುತ್ತ, "ಇನ್ನು ಇಲ್ಲಿ ನಮ್ಮನ್ನ ನೋಡೋ ಹಾಗೆ ಆಗದಿರಲಿ," ಎಂದು ಹೇಳಿ ಹೊರಟಳು. ಅವನು ತಿರುಗಿ ಮಿಡತೆಗೆ ಕೈ ಬೀಸಿದ.

ಮೂರನೆಯ ವಾರದಲ್ಲಿ ತಾಯಿಯ ಚರ್ಮ ಸುಟ್ಟು ಕಪ್ಪಾಗತೊಡಗಿತು. ಬಸ್ಸು ಹಳ್ಳಕ್ಕಿಳಿದರೆ ಹಲ್ಲು ಕಚ್ಚುತ್ತಿದ್ದಳು. ಮನೆಗೆ ಬಂದವಳೇ ಮಲಗಿಬಿಡುತ್ತಿದ್ದಳು. ಮಿಡತೆ ಬಸ್ಸಿನಲ್ಲಿ ಹೆಣೆದಳು, ಕುರ್ಚಿಯಲ್ಲಿ ಹೆಣೆದಳು, ಅನ್ನ ಬೇಯುವಷ್ಟರಲ್ಲಿ ಅರ್ಧ ಸುತ್ತು ಹೆಣೆದಳು. ತೋರುಬೆರಳಿನ ತುದಿ ಗಟ್ಟಿಯಾಯಿತು. ಭಾನುವಾರ ಮಧ್ಯಾಹ್ನ ದಾರದ ಕೊನೆಯನ್ನು ಕತ್ತರಿಸಿ, ಅಂಗಿಯನ್ನು ಹಾಸಿಗೆಯ ಮೇಲೆ ಹರಡಿದಳು. ಒಂದು ತೋಳು ಇನ್ನೊಂದಕ್ಕಿಂತ ಉದ್ದ. ಆದರೆ ಅಂಗಿಯೇ ಸರಿ, ಎಲ್ಲೂ ಹೊಲಿಗೆಯಿಲ್ಲ.

"ಹಾಕ್ಕೊಂಡು ನೋಡಮ್ಮ."

ತಾಯಿ ಮೊದಲು ನೋಯುವ ಕೈ ತೂರಿಸಿ, ಆಮೇಲೆ ತಲೆ, ಆಮೇಲೆ ಇನ್ನೊಂದು ಕೈ ಹಾಕಿದಳು. ಕೊರಳು ಇಕ್ಕಟ್ಟಾಗಿ ಕೈ ಎತ್ತಬೇಕಾಯಿತು, ಎತ್ತಿದಳು. ಅಂಗಿ ಇಳಿಯಿತು. ಅವಳ ಕಣ್ಣಲ್ಲಿ ನೀರು ಬಂತು. ಮಿಡತೆ ಅದನ್ನು ಬೇರೆಯೇ ಅರ್ಥ ಮಾಡಿಕೊಂಡಳು.

"ತೆಗಿ," ಎಂದಳು ತಾಯಿ. "ತೆಗಿ, ಬೇಗ ತೆಗಿ. ಉರೀತಾ ಇದೆ."

ಉಲ್ಲನ್ ಸುಟ್ಟ ಚರ್ಮಕ್ಕೆ ಕೆಂಡದ ಹಾಗೆ ತಾಗಿತ್ತು. ಕಂಕುಳ ಕೆಳಗೆ ಮಿಡತೆ ಬಿಗಿಯಾಗಿ ಎಳೆದು ಹಾಕಿದ್ದ ಸರಪಳಿ ಹಗ್ಗದಂತೆ ನಿಂತು, ಯಾವ ಹೊಲಿಗೆಯೂ ಒತ್ತದಷ್ಟು ಒತ್ತಿತ್ತು. ಅಜ್ಜಿಯೂ ಮಿಡತೆಯೂ ಸೇರಿ ಅದನ್ನು ಕಳಚಿದರು. ತಾಯಿ ಹಾಸಿಗೆಯ ಅಂಚಿಗೆ ಕೂತು, ತೋಳು ಕತ್ತರಿಸಿದ ಶರ್ಟನ್ನು ಎಳೆದುಕೊಂಡಳು.

"ಮೂರು ವಾರ ಅಮ್ಮ," ಎಂದಳು ಮಿಡತೆ. ಅವಳ ಧ್ವನಿ ಏರಿತು. "ಮೂರು ವಾರ ಇದನ್ನೇ ಹಿಡ್ಕೊಂಡು ಕೂತೆ. ಬೆರಳು ನೋಡು. ಒಂದು ನಿಮಿಷ ಹಾಕ್ಕೊಂಡಿರೋಕೆ ಆಗಲ್ವಾ ನಿನಗೆ?"

"ನಾನು ಕೇಳಿದ್ನಾ ಅಂಗಿ ಬೇಕು ಅಂತ? ನಾನು ಕೇಳಿದ್ದು ಒಂದೇ. ಕೆಲಸಕ್ಕೆ ಹೋಗು ಅಂದೆ. ಅದನ್ನ ಮಾಡಿದ್ಯಾ?"

"ನಿನ್ನ ಬಿಟ್ಟು ಹೇಗೆ ಹೋಗ್ಲಿ?"

"ಬಿಟ್ಟಿದ್ರೆ ಚೆನ್ನಾಗಿತ್ತು! ಈಗ ಎಲ್ಲಿಗೆ ಹೋಗ್ತೀಯ? ಅಲ್ಲಿ ಬೇರೆ ಹುಡುಗಿ ಬಂದಾಯ್ತಲ್ಲ!"

ಮಿಡತೆ ತಟ್ಟನೆ ತಾಯಿಯ ಕಡೆ ತಿರುಗಿದಳು. "ನಿನಗೆ ಯಾರು ಹೇಳಿದ್ರು?"

"ಬುಧವಾರ ನೀನು ನೀರು ತುಂಬ್ತಾ ಇದ್ದೆ. ಫೋನು ಬಂತು. ಅಂಗಡಿಯೋರು. ಬೀಗದ ಕೈ ವಾಪಸ್ ಕೊಡು ಅಂತ ಹೇಳೋಕೆ."

"ಬುಧವಾರದಿಂದ ಗೊತ್ತಿತ್ತಾ? ಮತ್ತೆ ದಿನಾ ಕೆಲಸಕ್ಕೆ ಹೋಗು ಹೋಗು ಅಂತ..."

"ನೀನೇ ಹೇಳ್ತೀಯೇನೋ ಅಂತ ಕಾದೆ. ನಿನಗೆ ಯಾವಾಗ ಗೊತ್ತಾಯ್ತು?"

"ಅದರ ಹಿಂದಿನ ಶನಿವಾರ."

ಅಜ್ಜಿ ಇಬ್ಬರ ಮುಖವನ್ನೂ ನೋಡಿದಳು. "ಅಯ್ಯೋ ನಿಮ್ಮ! ಒಂದೇ ಗುಟ್ಟನ್ನ ಎರಡು ಪೆಟ್ಟಿಗೇಲಿ ಇಟ್ಟು ಎರಡಕ್ಕೂ ಬೀಗ ಹಾಕ್ಕೊಂಡಿದ್ರಾ?"

ಮಿಡತೆ ಅಂಗಿಯನ್ನು ಮೂಲೆಗೆ ಎಸೆದು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತಳು. ತಂದೆ ಅಲ್ಲೇ ಸೈಕಲಿನ ಚೈನಿಗೆ ಎಣ್ಣೆ ಬಿಡುತ್ತಿದ್ದ. ಎಲ್ಲವನ್ನೂ ಕೇಳಿಸಿಕೊಂಡಿದ್ದ. ಎಣ್ಣೆ ಸಾಕಾದ ಮೇಲೂ ಬಿಡುತ್ತಲೇ ಇದ್ದ.

"ಅಪ್ಪ, ನೀನು ಒಂದು ಸಲನಾದ್ರೂ ನೋಡಿದ್ಯಾ ಅದನ್ನ?"

"ಯಾವುದನ್ನ?"

"ಅಮ್ಮನ ಗಾಯನ."

ಅವನು ಚೈನನ್ನು ಒರೆಸಿದ. "ಇಲ್ಲ," ಎಂದ.

ಮರುದಿನ ತಾಯಿ ಮಗಳಿಬ್ಬರೂ ಮಾತಿಲ್ಲದೆ ಆಸ್ಪತ್ರೆಗೆ ಹೋಗಿ ಮಾತಿಲ್ಲದೆ ಬಂದರು. ಬಾಗಿಲು ತೆರೆದಾಗ ಮನೆಯಲ್ಲಿ ಈರುಳ್ಳಿ ಹುರಿದ ಪರಿಮಳವಿತ್ತು. ಅಜ್ಜಿ ಒಲೆಯ ಮುಂದೆ ಸ್ಟೂಲು ಹಾಕಿಕೊಂಡು, ಮಂಡಿಗೆ ಬಟ್ಟೆ ಸುತ್ತಿಕೊಂಡು ಕೂತಿದ್ದಳು. ಪಕ್ಕದಲ್ಲಿ ಉಲ್ಲನ್ ಅಂಗಿಯನ್ನು ಅರ್ಧ ಬಿಚ್ಚಿ, ಬಣ್ಣ ಬಣ್ಣದ ಉಂಡೆ ಸುತ್ತಿಟ್ಟಿದ್ದಳು.

"ಸೌಟು ವಾಪಸ್ ತಗೊಂಡ್ರಾ ಅತ್ತೆ?" ಎಂದಳು ತಾಯಿ.

"ಸಾಲವಾಗಿ. ನಿನ್ನ ಕೈ ಸರಿ ಹೋಗೋವರೆಗೆ."

ಅಜ್ಜಿಯ ಪಲ್ಯದಲ್ಲಿ ಉಪ್ಪು ಎರಡು ಸಲ ಬಿದ್ದಿತ್ತು. ತಾಯಿ ಒಂದು ತುತ್ತು ತಿಂದು, "ಉಪ್ಪು ಜಾಸ್ತಿ," ಎಂದಳು. ಅಜ್ಜಿಗೆ ಕೋಪ ಬರುವ ಬದಲು ಸಮಾಧಾನವಾಯಿತು. "ನಾಲಿಗೆ ಬಂತು ನೋಡು ಇವಳಿಗೆ. ಇಷ್ಟು ದಿನ ಮಣ್ಣು ಕೊಟ್ರೂ ಚೆನ್ನಾಗಿದೆ ಅಂತಿದ್ಲು," ಎಂದು ಮಗನಿಗೆ ಹೇಳಿದಳು.

ಆ ವಾರದ ಕೊನೆಗೆ ತಂದೆ ಡಿಪೋದಿಂದ ಒಂದು ಗೋಣಿಚೀಲ ಹೊತ್ತು ತಂದ. ಒಬ್ಬ ಚಾಲಕನ ತಮ್ಮ ಬನಿಯನ್ ಕಾರ್ಖಾನೆಯಲ್ಲಿದ್ದನಂತೆ. ಯಂತ್ರದಲ್ಲಿ ಮುಗಿಯುತ್ತ ಬಂದ ನೂಲಿನ ಕೋನುಗಳನ್ನು ಅಲ್ಲಿ ಪಕ್ಕಕ್ಕೆ ಎಸೆಯುತ್ತಾರಂತೆ. ಎಲ್ಲ ಹತ್ತಿ. ಬೂದು, ಹಾಲಿನ ಬಿಳಿ, ತಿಳಿನೀಲಿ, ಸಾಸಿವೆಯ ಹಳದಿ. ಒಂದು ಬಣ್ಣ ಒಂದು ಅಂಗಿಗೆ ಸಾಲದು.

"ಇದು ಚುಚ್ಚಲ್ಲ," ಎಂದ ತಂದೆ. "ನಾನು ಕುತ್ತಿಗೆಗೆ ಸುತ್ಕೊಂಡು ಒಂದಿಡೀ ಪಾಳಿ ಕೆಲಸ ಮಾಡಿ ನೋಡಿದೀನಿ."

ಮಿಡತೆ ಚೀಲದೊಳಗೆ ನೋಡಿದಳು. ನೂಲು ಕೂದಲಿನಷ್ಟು ತೆಳು. ಎರಡು ಎಳೆಯಲ್ಲ, ಮೂರು ಎಳೆ ಸೇರಿಸಿದರೂ ಉಲ್ಲನ್ನಿನ ಅರ್ಧ ದಪ್ಪವಿಲ್ಲ. ಮೂರು ವಾರದ ಕೆಲಸ ಆರು ವಾರವಾಗುತ್ತದೆ. "ನನ್ನಿಂದ ಆಗಲ್ಲ ಅಪ್ಪ," ಎಂದಳು.

"ಆಗದಿದ್ರೆ ಬಿಡು. ಇಲ್ಲಿ ಇಟ್ಟಿರ್ತೀನಿ."

ಅವಳು ಎರಡು ದಿನ ಚೀಲದ ಕಡೆ ನೋಡಲಿಲ್ಲ. ಆ ಎರಡು ದಿನ ಹೊಸ ಕೆಲಸ ಕೇಳಿಕೊಂಡು ನಾಲ್ಕು ಅಂಗಡಿ ಹತ್ತಿ ಇಳಿದಳು. ಎರಡು ಕಡೆ ಬೇಡವೆಂದರು, ಒಂದು ಕಡೆ ಆಮೇಲೆ ಬಾ ಎಂದರು, ನಾಲ್ಕನೆಯ ಕಡೆ, ಆಸ್ಪತ್ರೆಯ ಎದುರಿನ ಅಂಗಡಿಯಲ್ಲಿ, ತಿಂಗಳು ಬಿಟ್ಟು ಸೇರಿಕೊಳ್ಳಬಹುದು ಎಂದರು. ಮೂರನೆಯ ದಿನ ಆಸ್ಪತ್ರೆಯಲ್ಲಿ ಬರಿಗೈಯಲ್ಲಿ ಎರಡು ಗಂಟೆ ಕೂತು ಮನೆಗೆ ಬಂದವಳು ಬೂದು ಬಣ್ಣದ ಕೋನನ್ನು ಎತ್ತಿಕೊಂಡಳು. ಅಜ್ಜಿ ಏನೂ ಗೊತ್ತಿಲ್ಲದವಳಂತೆ, "ಲಡಿ ಸುತ್ತಿ ಕೊಡು, ಬಿಸಿನೀರಲ್ಲಿ ನೆನೆಸಿ ಒಗೆದು ಒಣಗಿಸ್ತೀನಿ. ಗಂಜಿ ಬಿಟ್ಟು ಮೆತ್ತಗಾಗುತ್ತೆ," ಎಂದಳು.

ಈ ಸಲ ಅಂದಾಜಿನ ಕೆಲಸ ಬೇಡ, ಅಳತೆ ಬೇಕು ಎಂದಳು ಮಿಡತೆ. ತಾಯಿ ಒಪ್ಪಲಿಲ್ಲ.

"ನೀನು ಅಳೆಯೋದು ಬೇಡ."

"ಯಾಕಮ್ಮ? ದಿನಾ ಔಷಧಿ ಹಚ್ಚೋಳು ನಾನೇ ಅಲ್ವಾ?"

"ಹಚ್ಚೋದು ಬೇರೆ. ಇಲ್ಲಿ ಇಷ್ಟಿದೆ, ಅಲ್ಲಿ ಏನೂ ಇಲ್ಲ ಅಂತ ನೀನು ಬರ್ಕೊಳ್ಳೋದು ನಂಗೆ ಬೇಡ."

ಅಂಗಳದಲ್ಲಿದ್ದ ತಂದೆ ಒಳಗೆ ಬಂದು, ಸಾಬೂನು ಹಚ್ಚಿ ಮೊಣಕೈವರೆಗೆ ಕೈ ತೊಳೆದ. ಮಗಳ ಕೈಯಿಂದ ಟೇಪು ತೆಗೆದುಕೊಂಡು ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿದ. ಮಿಡತೆ ಹೊರಗೆ ಪೆನ್ಸಿಲು ಹಿಡಿದು ನಿಂತಳು. ಅಜ್ಜಿ ಸೌಟು ಅಲ್ಲಾಡಿಸುವುದನ್ನು ನಿಲ್ಲಿಸಿದಳು.

ಬಹಳ ಹೊತ್ತು ಏನೂ ಕೇಳಿಸಲಿಲ್ಲ. ಆಮೇಲೆ ತಂದೆಯ ಧ್ವನಿ: "ಭುಜ, ಹದಿನಾಲ್ಕು."

ಮಿಡತೆ ಬರೆದುಕೊಂಡಳು.

"ಸುತ್ತಳತೆ ಮೂವತ್ತನಾಲ್ಕು. ಅಲ್ಲ, ತಡಿ. ಮೂವತ್ಮೂರು."

"ನೋಯುತ್ತಾ?" ಇದು ಮಗಳಿಗೆ ಹೇಳಿದ್ದಲ್ಲ.

"ಇಲ್ಲ. ನಿಮ್ಮ ಕೈ ತಣ್ಣಗಿದೆ, ಅಷ್ಟೇ."

"ಒಂದು ಗೇಣಷ್ಟು ಉದ್ದ ಇದೆಯಲ್ಲೇ ಇದು."

"ಮೊದಲು ಇನ್ನೂ ಕೆಂಪಗಿತ್ತು."

"ಹೇಳ್ಬೇಕಿತ್ತು ನೀನು."

"ನೋಡ್ಬೇಕಿತ್ತು ನೀವು."

ತಂದೆ ಒಂದು ಸಲ ಕೆಮ್ಮಿದ. "ಬರ್ಕೋ," ಎಂದು ಜೋರಾಗಿ ಹೇಳಿದ. "ನಡುವಿಂದ ಎಡಕ್ಕೆ ಒಂಬತ್ತು. ನಡುವಿಂದ ಬಲಕ್ಕೆ ಏಳೂವರೆ." ಅಜ್ಜಿ ತಿರುಗಿ ಒಲೆಯ ಕಡೆ ನೋಡತೊಡಗಿದಳು. ಪಾತ್ರೆ ತಳ ಹಿಡಿದಿತ್ತು. ಆ ದಿನ ಯಾರೂ ಅದರ ಬಗ್ಗೆ ಮಾತಾಡಲಿಲ್ಲ.

ಕೈ ಎತ್ತದೆ ತೊಡುವಷ್ಟು ಕೊರಳು ಅಗಲವಾಗಬೇಕು, ಅಗಲವಾದರೆ ಭುಜದಿಂದ ಜಾರುತ್ತದೆ. ಮಿಡತೆ ಎರಡು ಸಲ ಹೆಣೆದು ಎರಡು ಸಲ ಬಿಚ್ಚಿದಳು. ಅದಕ್ಕೆ ದಾರಿ ಹುಡುಕಿದವಳು ಅಜ್ಜಿ.

"ಲಾಡಿ ಹಾಕು."

"ಕೊರಳಿಗಾ?"

"ಸೊಂಟಕ್ಕೆ ಮಾತ್ರ ಹಾಕ್ಬೇಕು ಅಂತ ಎಲ್ಲಿ ಬರೆದಿದೆ? ತೊಟ್ಕೊಳ್ಳೋವಾಗ ಸಡಿಲ ಮಾಡ್ಲಿ, ಆಮೇಲೆ ಎಳೆದು ಕಟ್ಕೊಳ್ಳಿ."

ಹಾಗೆ ಬಿಳಿಯ ಸರಪಳಿಯ ಲಾಡಿಯೊಂದು ಕೊರಳಿಗೆ ಬಂತು. ಕಂಕುಳ ಕೆಳಗಿನ ಸೇತುವೆಯನ್ನು ಮಿಡತೆ ಕಡ್ಡಿಯ ಬದಲು ಬೆರಳಲ್ಲೇ ಹಾಕಿದಳು, ಮೂರು ಬೆರಳು ಹೋಗುವಷ್ಟು ಸಡಿಲವಾಗಿ. ಬಲಗಡೆ ಹೆಚ್ಚಿಸುವುದನ್ನು ಎರಡು ಸುತ್ತು ಮೊದಲೇ ನಿಲ್ಲಿಸಿದಳು.

ಇಪ್ಪತ್ತೈದನೆಯ ಕರೆಂಟು ಮುಗಿದ ದಿನ ನರ್ಸು ತಾಯಿಯ ಚೀಟಿಗೆ ಗೆರೆ ಎಳೆದು, "ಮೂರು ತಿಂಗಳಿಗೆ ಬನ್ನಿ, ಆಗ ನೋಡೋಣ," ಎಂದಳು. ಅದಕ್ಕಿಂತ ಹೆಚ್ಚಿನದನ್ನು ಯಾರೂ ಹೇಳಲಿಲ್ಲ, ಇವರೂ ಕೇಳಲಿಲ್ಲ. ಬಸ್ಸಿನಲ್ಲಿ ಇಬ್ಬರೂ ನಿದ್ದೆ ಹೋಗಿ ಒಂದು ನಿಲ್ದಾಣ ಮುಂದೆ ಇಳಿದು ನಡೆದು ಬಂದರು.

ಅಂಗಿ ಮುಗಿಯಲು ಇನ್ನೂ ಮೂರು ವಾರ ಹಿಡಿಯಿತು. ಈ ನಡುವೆ ತಾಯಿಯ ಚರ್ಮ ಉದುರಿ ಹೊಸದು ಬಂತು, ತೆಳ್ಳಗೆ, ಹಾಲಿನ ಕೆನೆಯಂತೆ. ಮುಟ್ಟಿದರೆ ಇನ್ನೂ ನೋಯುತ್ತಿತ್ತು. ಮುಗಿದ ಅಂಗಿಯನ್ನು ಮಿಡತೆ ಹಾಸಿಗೆಯ ಮೇಲೆ ಹರಡಲಿಲ್ಲ. ಮಡಚಿ ತಾಯಿಯ ಪಕ್ಕದಲ್ಲಿಟ್ಟು ಪಾತ್ರೆ ತೊಳೆಯಲು ಹೋದಳು. ಹಿಂದಿನ ಸಲದಂತೆ ಮುಖ ನೋಡುತ್ತ ನಿಲ್ಲುವ ಧೈರ್ಯ ಇರಲಿಲ್ಲ.

ತಾಯಿ ಅಂಗಿಯನ್ನು ತಿರುವಿ ಒಳಗು ನೋಡಿದಳು. ಇಸ್ತ್ರಿಯವರ ಅಭ್ಯಾಸ. ಅಂಚಿನುದ್ದಕ್ಕೂ ಬೆರಳಾಡಿಸಿದಳು. ಆಮೇಲೆ ಲಾಡಿ ಸಡಿಲಿಸಿ, ನಿಂತಲ್ಲೇ ತೊಟ್ಟುಕೊಂಡು, ಅಡುಗೆಮನೆಗೆ ಬಂದು ಸ್ಟೂಲಿನ ಮೇಲೆ ಕೂತಳು. ಐದು ನಿಮಿಷ ಕೂತಳು. ಹತ್ತು ನಿಮಿಷ ಕೂತಳು.

"ಎಡದ ತೋಳು ಉದ್ದ ಆಗಿದೆ," ಎಂದಳು.

ಮಿಡತೆ ತಿರುಗದೆ ಕೇಳಿದಳು: "ಬಿಚ್ಚಲಾ?"

"ಯಾಕೆ? ಎಡಕ್ಕೇನು ನೋವಿಲ್ಲವಲ್ಲ. ಮಡಚ್ಕೋತೀನಿ."

ಮರುದಿನ ಬೆಳಿಗ್ಗೆ ತಾಯಿ ಆ ಅಂಗಿಯಲ್ಲೇ ಲಾಂಡ್ರಿಗೆ ಹೋಗಿ ಬಂದಳು. ಒಬ್ಬಳೇ ಹೋದಳು. ಇಸ್ತ್ರಿ ಪೆಟ್ಟಿಗೆ ಎತ್ತಲು ಇನ್ನು ಆಗದೆಂದು ಮೇಲ್ವಿಚಾರಕನಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಅವನು ಮಡಚುವ ಮೇಜಿನ ಹತ್ತಿರ ಒಂದು ಕುರ್ಚಿ ತೋರಿಸಿದ. ಕರವಸ್ತ್ರ, ದಿಂಬಿನ ಚೀಲ, ಸಣ್ಣ ಬಟ್ಟೆಗಳನ್ನು ಮಡಚುವುದು. ಹೊಸಬರು ಮಾಡುವ ಕೆಲಸ.

"ಏನಂದೆ?" ಎಂದು ಕೇಳಿದ ತಂದೆ ಸಂಜೆ.

"ಬರ್ತೀನಿ ಅಂದೆ. ಅಲ್ಲಿ ಹುಡುಗೀರೆಲ್ಲ ಬಂದು ಅಂಗಿ ಮುಟ್ಟಿ ಮುಟ್ಟಿ ನೋಡಿದ್ರು. ಯಾವ ಅಂಗಡೀದು ಅಂದ್ರು."

"ನೀನೇನಂದೆ?" ಎಂದಳು ಅಜ್ಜಿ.

"ಅಂಗಡೀಲಿ ಸಿಗಲ್ಲ ಅಂದೆ."

ಮಿಡತೆ ಮರುದಿನ ಹೊಸ ಅಂಗಡಿಗೆ ಹೋಗಬೇಕಿತ್ತು. ಅವಳು ಚಪ್ಪಲಿ ತೊಳೆಯುತ್ತಿದ್ದಳು. ತಾಯಿ ಅಂಗಿ ಕಳಚಿ, ಬಕೆಟ್ಟಿನಲ್ಲಿ ಅದ್ದಿ, ಎಡಗೈಯಲ್ಲಿ ಹಿಂಡಲು ನೋಡಿದಳು. ಆಗದೆ ಮಗಳನ್ನು ಕರೆದಳು. ಇಬ್ಬರೂ ಎರಡು ತುದಿ ಹಿಡಿದು, ತಿರುಚದೆ, ಒತ್ತಿ ಒತ್ತಿ ನೀರು ತೆಗೆದರು. ಹತ್ತಿ ನೀರು ಕುಡಿದು ಭಾರವಾಗಿತ್ತು.

"ನಾಳೆಗೆ ಒಣಗುತ್ತಾ?"

"ಒಣಗಲ್ಲಮ್ಮ. ನಾಡಿದ್ದಾಗುತ್ತೆ."

ತಾಯಿ ತಂತಿಯ ಮೇಲೆ ಅಂಗಿಯನ್ನು ಹರಡಿ, ತೋಳುಗಳನ್ನು ಸರಿಮಾಡಿದಳು. ಬಲಗೈ ಭುಜಕ್ಕಿಂತ ಒಂದು ಗೇಣು ಮೇಲೆ ಹೋಗಿದ್ದನ್ನು ಅವಳು ಗಮನಿಸಲಿಲ್ಲ. ಮಿಡತೆ ಗಮನಿಸಿದಳು, ಹೇಳಲಿಲ್ಲ.

"ಹಾಗಾದ್ರೆ ಇನ್ನೊಂದು ಬೇಕಾಗುತ್ತೆ," ಎಂದಳು ತಾಯಿ. "ಹೆಣಿತೀಯಾ?"

"ಕೆಲಸ ಮುಗಿಸ್ಕೊಂಡು ಬಂದು ಹೆಣೆದ್ರೆ ಮೂರು ತಿಂಗಳಾಗುತ್ತೆ."

"ಆಗ್ಲಿ." ತಾಯಿ ಬಕೆಟ್ಟನ್ನು ಕಾಲಿಂದ ಪಕ್ಕಕ್ಕೆ ಸರಿಸಿದಳು. "ಮೂರು ತಿಂಗಳು ತಾನೆ. ಇರ್ತೀನಿ."

ಒಳಗಿನಿಂದ ಅಜ್ಜಿ ಊಟಕ್ಕೆ ಕೂಗಿದಳು. ಮಿಡತೆ ಒದ್ದೆ ಕೈಯನ್ನು ಬಟ್ಟೆಗೆ ಒರೆಸಿಕೊಂಡು, ತಾಯಿಯ ಎಡಗೈ ಹಿಡಿದು ಮೆಟ್ಟಿಲು ಹತ್ತಿಸಿದಳು.